ಕಾಡಂಚಿನಲ್ಲಿ ಉಣ್ಣಿ ಎಣಿಸುವುದು ಹೇಗೆ? ಖಾನಾಪುರ ಕಡೆ ಫೀಲ್ಡ್‌ವರ್ಕ್‌ಗೆ ಹೊರಟ ವಿದ್ಯಾರ್ಥಿಗಳಿಗೆ

ಬಿಳಿ ಬಟ್ಟೆಯನ್ನು ಹುಲ್ಲು, ತರಗೆಲೆಗಳ ಮೇಲೆ ಎಳೆದುಕೊಂಡು ಹೋಗಬೇಕು. ಹತ್ತು ಮೀಟರಿಗೊಮ್ಮೆ ನಿಂತು ತಿರುಗಿಸಿ ನೋಡಬೇಕು. ಅಂಟಿಕೊಂಡ ಉಣ್ಣಿಗಳನ್ನು ಎಣಿಸಿ ಬಾಟಲಿಗೆ ಹಾಕಬೇಕು. ಕೆಲಸ ಇಷ್ಟೇ. ಕಷ್ಟ ಇರುವುದು ಇದನ್ನು ಅದೇ ಜಾಗದಲ್ಲಿ, ಅದೇ ರೀತಿಯಲ್ಲಿ, ತಿಂಗಳು ತಿಂಗಳೂ ಬೇಸರ ಪಡದೆ ಮಾಡುವುದರಲ್ಲಿ. ಮತ್ತೆ, ಉಣ್ಣಿ ಕಚ್ಚಿಸಿಕೊಳ್ಳದೆ ಮನೆ ಸೇರುವುದರಲ್ಲಿ.

ಪ್ರಾಣಿಶಾಸ್ತ್ರ, ಪಶುವೈದ್ಯ, ಸಾರ್ವಜನಿಕ ಆರೋಗ್ಯ ಓದುತ್ತಿರುವವರು ಚಳಿಗಾಲದ ಪ್ರಾಜೆಕ್ಟ್ ಹುಡುಕುವಾಗ ಈ ಕೆಲಸ ಕಣ್ಣಿಗೆ ಬೀಳುತ್ತದೆ. ಖರ್ಚು ಕಡಿಮೆ, ಕಾಡು ನೋಡಿದಂತೆಯೂ ಆಯಿತು ಅಂತ ಹೊರಡುತ್ತಾರೆ. ಹೊರಡಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಇದನ್ನು ಪೂರ್ತಿ ಓದಿ.

ಬೆಳಗಾವಿಯವರಿಗೆ ಇದರ ಚಿಂತೆ ಯಾಕೆ?

ಉಣ್ಣಿ ಕಚ್ಚಿ ಹರಡುವ ಮಂಗನ ಕಾಯಿಲೆ ಅಂದ ತಕ್ಷಣ ಎಲ್ಲರೂ ಶಿವಮೊಗ್ಗದ ಕಡೆ ಬೆರಳು ತೋರಿಸುತ್ತಾರೆ. ತಪ್ಪಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಊರಿನವರು ಜ್ವರದಲ್ಲಿ ಮಲಗಿದರು. ಆಗಲೇ ಈ ಕಾಯಿಲೆಯ ವೈರಸ್ ಗೊತ್ತಾಗಿದ್ದು. ಆದರೆ ಅದು ಅಲ್ಲೇ ನಿಂತಿಲ್ಲ. 2015ರಲ್ಲಿ ಗೋವಾದ ಸತ್ತರಿ ತಾಲೂಕಿನಲ್ಲಿ ಕಾಣಿಸಿತು, 2016ರಲ್ಲಿ ಮಹಾರಾಷ್ಟ್ರದ ದೋಡಾಮಾರ್ಗದಲ್ಲಿ. ನಕಾಶೆ ತೆಗೆದು ನೋಡಿ, ಎರಡೂ ನಮ್ಮ ಖಾನಾಪುರ ತಾಲೂಕಿನ ಪಕ್ಕದವೇ. ಚೋರ್ಲಾ ಘಾಟ್ ಇಳಿದರೆ ಸತ್ತರಿ. ಗೇರು ತೋಟದ ಕೆಲಸಕ್ಕೆ ಗೋವಾಕ್ಕೆ ಹೋಗಿ ಬಂದ ಬೆಳಗಾವಿ ಜಿಲ್ಲೆಯ ಕೂಲಿಕಾರರಲ್ಲೂ 2016ರಲ್ಲಿ ಈ ಕಾಯಿಲೆ ಕಂಡುಬಂತು.

ಅಂದಮೇಲೆ ಜಾಂಬೋಟಿ, ಕಣಕುಂಬಿ, ಹೆಮ್ಮಡಗಾ, ಲೋಂಡಾ ಕಡೆಯ ಕಾಡಂಚಿನಲ್ಲಿ ಯಾವ ಉಣ್ಣಿ ಎಷ್ಟಿದೆ, ಯಾವ ತಿಂಗಳಲ್ಲಿ ಏರುತ್ತದೆ ಅನ್ನುವ ಲೆಕ್ಕ ನಮ್ಮ ಹತ್ತಿರ ಇರಬೇಕು, ಅಲ್ವಾ? ಒಂದು ದಿನ ಬಂದು ಬಾಟಲಿ ತುಂಬಿಸಿಕೊಂಡು ಹೋಗುವ ತಂಡದಿಂದ ಈ ಲೆಕ್ಕ ಸಿಗುವುದಿಲ್ಲ. ಹತ್ತಿರದಲ್ಲೇ ಇದ್ದು ಮತ್ತೆ ಮತ್ತೆ ಹೋಗಬಲ್ಲ ವಿದ್ಯಾರ್ಥಿಗಳಿಂದ ಸಿಗುತ್ತದೆ.

ಯಾವ ಕಾಲಕ್ಕೆ ಏನು ಸಿಗುತ್ತದೆ?

ನಿಮಗೆ ಬೇಕಾದದ್ದು ಈ ವೈರಸ್ ಹರಡುವ ಮುಖ್ಯ ಉಣ್ಣಿ, ಹೀಮಾಫೈಸಾಲಿಸ್ ಸ್ಪಿನಿಜೆರಾ. ಇದರ ಬದುಕು ನಮ್ಮ ಮಳೆಗಾಲಕ್ಕೆ ಕಟ್ಟಿಹಾಕಿದಂತೆ ನಡೆಯುತ್ತದೆ. ಜೂನ್ ಮಳೆ ಬಿದ್ದ ಮೇಲೆ ಪೂರ್ತಿ ಬೆಳೆದ ದೊಡ್ಡ ಉಣ್ಣಿಗಳು ಎದ್ದು ದನ, ಕಾಡುಕೋಣದಂಥ ದೊಡ್ಡ ಪ್ರಾಣಿಗಳ ರಕ್ತ ಕುಡಿಯುತ್ತವೆ. ಹೆಣ್ಣು ಕೆಳಗೆ ಬಿದ್ದು ತರಗೆಲೆಯಡಿ ಮೊಟ್ಟೆ ಇಡುತ್ತದೆ. ಮಳೆ ಮುಗಿಯುವ ಹೊತ್ತಿಗೆ, ಅಂದರೆ ಸುಮಾರು ಅಕ್ಟೋಬರಿನಿಂದ, ಮೊಟ್ಟೆಯೊಡೆದು ಬಂದ ಮರಿಗಳು (ಲಾರ್ವಾಗಳು) ಹುಲ್ಲಿನ ತುದಿಗೆ ಏರುತ್ತವೆ. ಅವು ಇಲಿ, ಹಕ್ಕಿ, ಮಂಗ, ಏನು ಸಿಕ್ಕರೆ ಅದರ ರಕ್ತ ಕುಡಿದು ಉದುರಿ, ಪೊರೆ ಬಿಟ್ಟು ಮುಂದಿನ ಹಂತದ ಎಳೆ ಉಣ್ಣಿ, ಅಂದರೆ ನಿಂಫ್ ಆಗುತ್ತವೆ. ಡಿಸೆಂಬರಿನಿಂದ ಮೇ ತನಕ ಕಾಡು ಈ ನಿಂಫ್‌ಗಳದ್ದೇ.

ಮನುಷ್ಯರಿಗೆ ಜಾಸ್ತಿ ತೊಂದರೆ ಕೊಡುವುದೂ ಇವೇ. ಲಾರ್ವಾ ಇದ್ದಾಗ ಸೋಂಕಿದ್ದ ಪ್ರಾಣಿಯ ರಕ್ತ ಕುಡಿದಿದ್ದರೆ ವೈರಸ್ ಹೊಟ್ಟೆಯಲ್ಲೇ ಉಳಿದು, ಪೊರೆ ಬಿಟ್ಟ ಮೇಲೂ ಅದರ ಜೊತೆಗೇ ಬರುತ್ತದೆ. ನಿಂಫ್ ಒಂದೆರಡು ಮಿಲಿಮೀಟರ್ ಅಷ್ಟೇ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಕಟ್ಟಿಗೆ ತರಲು, ತರಗೆಲೆ ಗುಡಿಸಲು ಜನ ಕಾಡಿಗೆ ಹೋಗುವುದೂ ಇದೇ ತಿಂಗಳುಗಳಲ್ಲಿ.

ಹಾಗಾಗಿ ಒಂದೇ ಸೀಸನ್ ಮಾಡುವುದಾದರೆ ನವೆಂಬರಿನಿಂದ ಮೇ ತನಕ ಮಾಡಿ. ನವೆಂಬರ್ ಬಿಡಬೇಡಿ. ಲಾರ್ವಾ ಇಳಿದು ನಿಂಫ್ ಏರುವ ತಿರುವು ಆಗಲೇ ಶುರುವಾಗುತ್ತದೆ. ಜನವರಿಯಲ್ಲಿ ಮೊದಲ ಸಲ ಹೋದವರಿಗೆ ಏರಿದ ಸಂಖ್ಯೆ ಮಾತ್ರ ಸಿಗುತ್ತದೆ, ಏರಿದ್ದು ಯಾವಾಗ ಅನ್ನುವುದು ಸಿಗುವುದಿಲ್ಲ.

ಮೊದಲು ಕಾಗದ ಪತ್ರ

ಇದನ್ನು ಕೊನೆಗೆ ಇಟ್ಟುಕೊಂಡವರ ಸೀಸನ್ ಪೂರ್ತಿ ಕಚೇರಿ ಅಲೆಯುವುದರಲ್ಲೇ ಹೋಗುತ್ತದೆ. ಭೀಮಗಡ ವನ್ಯಜೀವಿ ಧಾಮದ ಒಳಗೆ ಏನೇ ಹಿಡಿಯಬೇಕಿದ್ದರೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು, ಅದು ಉಣ್ಣಿಯಾದರೂ ಸರಿ. ಧಾಮದ ಹೊರಗಿನ ಮೀಸಲು ಅರಣ್ಯಕ್ಕೂ ಅನುಮತಿ ಬೇಕು. ಮಳೆಗಾಲದಲ್ಲೇ ಅರ್ಜಿ ಹಾಕಿ. ಕಾಲೇಜಿನ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಬೇರೆ ಬೇಕು. ಉಣ್ಣಿಗಳನ್ನು ಯಾವ ಲ್ಯಾಬ್ ತೆಗೆದುಕೊಳ್ಳುತ್ತದೆ, ಹೇಗೆ ಕಳಿಸಬೇಕು ಅನ್ನುವುದನ್ನೂ ಹೊರಡುವ ಮೊದಲೇ ಬರವಣಿಗೆಯಲ್ಲಿ ಇಟ್ಟುಕೊಳ್ಳಿ. ಬೆಳಗಾವಿಯಲ್ಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯ ಸಂಸ್ಥೆ ಇದೆ. ಯಾರನ್ನು ಕೇಳಬೇಕು ಅಂತ ತಿಳಿಯದಿದ್ದರೆ ನಿಮ್ಮ ಗೈಡ್ ಮೂಲಕ ಅಲ್ಲಿ ವಿಚಾರಿಸಬಹುದು.

ಹೊಸಬರು ಕಾಡಿನ ಒಳಗೆ ಹೋಗುವ ಆಸೆ ಬಿಡುವುದು ಒಳ್ಳೆಯದು. ದನ ಮೇಯುವ ದಾರಿ, ಗೇರು ತೋಟದ ಬೇಲಿ, ಕಟ್ಟಿಗೆ ತರುವ ಕಾಲುದಾರಿ, ಬಿದಿರು ಮೆಳೆಯ ಅಂಚು ಸಾಕು. ಜನ ಓಡಾಡುವ ಜಾಗದ ಲೆಕ್ಕವೇ ಆರೋಗ್ಯ ಇಲಾಖೆಗೆ ಬೇಕಿರುವುದು. ಒಳಗೆ ಕರಡಿ, ಕಾಡುಕೋಣ ಇವೆ. ನಿಮ್ಮ ಕಣ್ಣು ಬಟ್ಟೆಯ ಮೇಲೆ ಇರುತ್ತದೆ, ಮುಂದೆ ಯಾರೂ ನೋಡುತ್ತಿರುವುದಿಲ್ಲ.

ಊರಿನವರಿಗೆ ಮೊದಲೇ ಹೇಳಿ. ಖಾನಾಪುರ ಕಡೆ ಮರಾಠಿ ಮಾತಾಡುವವರು ಜಾಸ್ತಿ, ತಂಡದಲ್ಲಿ ಒಬ್ಬರಿಗಾದರೂ ಮರಾಠಿ ಬರಬೇಕು. ಕೋಲಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ನಾಲ್ಕು ಜನ ಹೊಲದ ಅಂಚಿನಲ್ಲಿ ತಿರುಗಿದರೆ "ಏನ್ರಿ ಸಾಹೇಬ್ರ, ಜಮೀನು ಸರ್ವೇ ನಡಸೀರೇನು?" ಅಂತ ಕೇಳಿಯೇ ಕೇಳುತ್ತಾರೆ. ಕೂತು ಮಾತಾಡಿ. ದನ ಕಾಯುವ ಕಾಕಾ ಒಬ್ಬರು ಸಿಕ್ಕರೆ ನಿಮ್ಮ ಅರ್ಧ ಕೆಲಸ ಮುಗಿದಂತೆ. ಎಮ್ಮೆಗೆ ಎಲ್ಲಿ ಉಣ್ಣಿ ಹತ್ತುತ್ತದೆ, ಯಾವ ಇಳಿಜಾರಿನಲ್ಲಿ ಹೋದ ವರ್ಷ ಮಂಗ ಸತ್ತು ಬಿದ್ದಿತ್ತು ಅನ್ನುವುದೆಲ್ಲ ಅವರಿಗೆ ಗೊತ್ತಿರುತ್ತದೆ.

ಸಾಮಾನು

ದಪ್ಪ ಬಿಳಿ ಫ್ಲಾನೆಲ್ ಬಟ್ಟೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ. ಬೆಳಗಾವಿಯ ಖಡೇಬಜಾರಿನಲ್ಲಿ ಕೇಳಿದರೆ ಸಿಗುತ್ತದೆ. ನುಣುಪಾದ ಪಾಲಿಸ್ಟರ್ ಬೇಡ, ಅದಕ್ಕೆ ಉಣ್ಣಿಯ ಕಾಲು ಸಿಕ್ಕಿಕೊಳ್ಳುವುದಿಲ್ಲ. ಒಂದು ಅಂಚನ್ನು ಮಡಚಿ ಹೊಲಿಸಿ ಕೋಲು ತೂರಿಸಿ, ಕೋಲಿನ ಎರಡೂ ತುದಿಗೆ ಹಗ್ಗ ಕಟ್ಟಿ. ಹಿಂದಿನ ಅಂಚಿನೊಳಗೆ ಸಣ್ಣ ಸೀಸದ ಗುಂಡು ಅಥವಾ ತೆಳು ಸರಪಳಿ ಹೊಲಿಸಿ, ಬಟ್ಟೆ ನೆಲಕ್ಕೆ ಒತ್ತಿಕೊಂಡು ಬರಲಿ. ಇಂಥವು ಎರಡು ಇರಲಿ, ಒಂದು ಒದ್ದೆಯಾದರೆ ಇನ್ನೊಂದು.

ಉಳಿದದ್ದು: ಮೊನಚು ತುದಿಯ ಫೋರ್ಸೆಪ್ಸ್, ಸ್ಕ್ರೂ ಮುಚ್ಚಳದ ಪ್ಲಾಸ್ಟಿಕ್ ಬಾಟಲಿಗಳು, 70% ಆಲ್ಕೋಹಾಲ್, ಅಗಲದ ಸೆಲ್ಲೋ ಟೇಪ್, ತಾಪಮಾನ ಮತ್ತು ತೇವಾಂಶ ಎರಡೂ ತೋರಿಸುವ ಸಣ್ಣ ಮೀಟರ್, ಅಳತೆ ಟೇಪ್, ಪೆನ್ಸಿಲ್. ಪೆನ್ಸಿಲ್ ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೈಮೇಲೆ ತಿಳಿ ಬಣ್ಣದ ಉದ್ದ ತೋಳಿನ ಅಂಗಿ, ಪ್ಯಾಂಟು. ಅಂಗಿ ಪ್ಯಾಂಟಿನೊಳಗೆ, ಪ್ಯಾಂಟು ಕಾಲುಚೀಲದೊಳಗೆ, ಕಾಲುಚೀಲದ ಬಾಯಿಗೆ ಸುತ್ತಲೂ ಟೇಪು. ನೋಡಲು ಚೆನ್ನಾಗಿರುವುದಿಲ್ಲ, ಸರಿ. ಸ್ಟೈಲ್ ಮಾಡಲು ಬೇರೆ ದಿನ ಇದೆ. ಗಮ್ ಬೂಟ್ ಇದ್ದರೆ ಇನ್ನೂ ಒಳ್ಳೆಯದು. ಮಂಗನ ಕಾಯಿಲೆ ಇರುವ ಕಡೆ ಆರೋಗ್ಯ ಇಲಾಖೆ ಹಂಚುವ, ಉಣ್ಣಿ ಹತ್ತದಂತೆ ತಡೆಯುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಆದರೆ ಆ ಕೈಯಿಂದ ಫ್ಲಾನೆಲ್ ಮುಟ್ಟಬೇಡಿ. ಎಣ್ಣೆ ತಾಗಿದ ಬಟ್ಟೆಗೆ ಉಣ್ಣಿ ಹತ್ತದೆ ನಿಮ್ಮ ಲೆಕ್ಕ ಕೆಡುತ್ತದೆ. ಗ್ಲೌಸ್ ಹಾಕಿಕೊಂಡ ಮೇಲೆಯೇ ಬಟ್ಟೆ ತೆಗೆಯಿರಿ.

ಎಳೆಯುವ ಕ್ರಮ

ಒಂದು ಊರಿಗೆ ಐದು ಸಾಲು ಗುರುತು ಮಾಡಿ, ಪ್ರತಿ ಸಾಲು 100 ಮೀಟರ್. ಸಾಲಿನ ಎರಡೂ ತುದಿಯ ಮರಕ್ಕೆ ಬಣ್ಣದ ದಾರ ಕಟ್ಟಿ, ಮೊಬೈಲಿನಲ್ಲಿ ಜಿಪಿಎಸ್ ಗುರುತು ಇಟ್ಟುಕೊಳ್ಳಿ. ಮೊಳೆ ಹೊಡೆಯಬೇಡಿ. ಬಟ್ಟೆ ಒಂದು ಮೀಟರ್ ಅಗಲ ಇರುವುದರಿಂದ ಒಂದು ಸಾಲು ಮುಗಿದರೆ 100 ಚದರ ಮೀಟರ್ ಆಯಿತು, ಲೆಕ್ಕ ಸುಲಭ.

ಸಮಯ ಮುಖ್ಯ. ಡಿಸೆಂಬರ್, ಜನವರಿಯಲ್ಲಿ ಜಾಂಬೋಟಿ ಕಡೆ ಬೆಳಿಗ್ಗೆ ಹುಲ್ಲು ನೀರಲ್ಲಿ ಅದ್ದಿದಂತೆ ಇರುತ್ತದೆ. ಮಂಜಿನಲ್ಲಿ ಬಟ್ಟೆ ಒದ್ದೆಯಾದರೆ ಉಣ್ಣಿ ಹತ್ತುವುದಿಲ್ಲ. ಬಿಸಿಲು ಏರಿದರೆ ಅವು ಒಣಗುವ ಭಯಕ್ಕೆ ತರಗೆಲೆಯಡಿ ಇಳಿಯುತ್ತವೆ. ಮಂಜು ಆರಿದ ಮೇಲಿನ ಒಂದೆರಡು ತಾಸು ಸರಿಯಾದ ಹೊತ್ತು. ಅಂಗೈಯನ್ನು ಹುಲ್ಲಿನ ಮೇಲೆ ಆಡಿಸಿ ನೋಡಿ, ಗ್ಲೌಸ್ ಒದ್ದೆಯಾದರೆ ಇನ್ನೂ ಕಾಯಿರಿ. ಯಾವ ಹೊತ್ತಿಗೆ ಶುರು ಮಾಡಿದಿರೋ ಮುಂದಿನ ತಿಂಗಳೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮಾಡಿ.

ನಿಧಾನವಾಗಿ ನಡೆಯಿರಿ. ಬಟ್ಟೆ ಪಕ್ಕದಲ್ಲಿ ಅಥವಾ ಪಕ್ಕಕ್ಕೆ ಸರಿದು ಹಿಂದೆ ಬರಲಿ, ನೀವು ತುಳಿದ ಜಾಗದ ಮೇಲೆ ಬೇಡ. ಹತ್ತು ಮೀಟರಿಗೆ ನಿಂತು ಬಟ್ಟೆಯ ಎರಡೂ ಬದಿ ನೋಡಿ. ತುಂಬಾ ದೂರ ಎಳೆದರೆ ಹತ್ತಿದ ಉಣ್ಣಿ ಮತ್ತೆ ಹುಲ್ಲಿಗೆ ಉಜ್ಜಿ ಉದುರಿಹೋಗುತ್ತದೆ. ಲಂಟಾನಾ ಪೊದೆ ಬಂದರೆ ಎಳೆಯಲು ಆಗುವುದಿಲ್ಲ. ಆಗ ಬಟ್ಟೆಯನ್ನು ಬಾವುಟದ ಹಾಗೆ ಹಿಡಿದು ಪೊದೆಯ ಬದಿಗೆ ಸವರಿ, ಸವರಿದ್ದು ಅಂತ ಹಾಳೆಯಲ್ಲಿ ಬೇರೆಯಾಗಿ ಬರೆಯಿರಿ. ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸಬೇಡಿ.

ಬಟ್ಟೆಯ ಮೇಲೆ ಏನು ಕಾಣುತ್ತದೆ? ಮೊದಲು ಹುಲ್ಲಿನ ಬೀಜ, ಸಣ್ಣ ಜೇಡ, ಇರುವೆ. ಕಣ್ಣು ಪಳಗಲು ಸ್ವಲ್ಪ ಹೊತ್ತು ಬೇಕು. ಕಂದು ಚುಕ್ಕೆಯೊಂದು ತಡವಾಗಿ, ಮುಂದಿನ ಎರಡು ಕಾಲನ್ನು ಗಾಳಿಗೆ ಎತ್ತಿಕೊಂಡು ನಡೆಯತೊಡಗಿದರೆ ಅದು ಉಣ್ಣಿ. ಕಾಲು ಎಣಿಸಿ. ಆರಿದ್ದರೆ ಲಾರ್ವಾ, ಎಂಟಿದ್ದರೆ ನಿಂಫ್ ಅಥವಾ ದೊಡ್ಡದು. ನಿಂಫೋ ದೊಡ್ಡದೋ ಅನ್ನುವುದು ಲೆನ್ಸಿನಡಿ ಹೊಟ್ಟೆಯ ಭಾಗದ ಜನನ ರಂಧ್ರ ನೋಡಿದರೆ ಪಕ್ಕಾ ಆಗುತ್ತದೆ. ಫೀಲ್ಡಿನಲ್ಲಿ ಗಾತ್ರ ನೋಡಿ ಬರೆದುಕೊಂಡು ಲ್ಯಾಬಿನಲ್ಲಿ ತಿದ್ದಿ. ಜಾತಿ ಯಾವುದು ಅಂತ ಅಲ್ಲೇ ತೀರ್ಮಾನ ಮಾಡಬೇಡಿ. ಹೀಮಾಫೈಸಾಲಿಸ್ ಟರ್ಟುರಿಸ್ ಅಂತ ಇನ್ನೊಂದಿದೆ, ನಿಂಫ್ ಹಂತದಲ್ಲಿ ಬರಿಗಣ್ಣಿಗೆ ಎರಡೂ ಒಂದೇ.

ಒಮ್ಮೊಮ್ಮೆ ಬಟ್ಟೆಯ ಮೂಲೆಯಲ್ಲಿ ಯಾರೋ ಮೆಣಸಿನ ಪುಡಿ ಚೆಲ್ಲಿದಂತೆ ಕಾಣುತ್ತದೆ, ಆಮೇಲೆ ಆ ಪುಡಿ ಹರಡತೊಡಗುತ್ತದೆ. ಅದು ಲಾರ್ವಾಗಳ ಗುಂಪು. ಒಂದೇ ತಾಯಿಯ ಮೊಟ್ಟೆಯಿಂದ ಬಂದವು ಒಂದೇ ಎಲೆತುದಿಯಲ್ಲಿ ಗುಂಪಾಗಿ ಕಾದಿರುತ್ತವೆ. ಫೋರ್ಸೆಪ್ಸ್ ಹಿಡಿದು ಒಂದೊಂದೇ ಹೆಕ್ಕಲು ಹೋದರೆ ಅಷ್ಟರಲ್ಲಿ ಉಳಿದವು ನಿಮ್ಮ ತೋಳಿನ ಮೇಲೆ ಇರುತ್ತವೆ. ಅದಕ್ಕೇ ಸೆಲ್ಲೋ ಟೇಪ್. ಅಂಟು ಬದಿಯನ್ನು ಒತ್ತಿ ಎತ್ತಿ, ಬಿಳಿ ಹಾಳೆಗೆ ಅಂಟಿಸಿ, ಲ್ಯಾಬಿನಲ್ಲಿ ಎಣಿಸಿ. ಹಾಳೆಯಲ್ಲಿ "ಲಾರ್ವಾ ಗುಂಪು 1" ಅಂತ ಬರೆಯುವುದು ಮರೆಯಬೇಡಿ. ಒಂದು ಗುಂಪು ಸಿಕ್ಕಿದ್ದಕ್ಕೂ, ಅಷ್ಟೇ ಲಾರ್ವಾ ಸಾಲಿನ ಉದ್ದಕ್ಕೂ ಚದುರಿ ಸಿಕ್ಕಿದ್ದಕ್ಕೂ ಅರ್ಥ ಬೇರೆ.

ಬಾಟಲಿ, ಚೀಟಿ, ಸೊನ್ನೆ

ಒಂದು ಸಾಲಿಗೆ ಒಂದು ಬಾಟಲಿ. ಬರೀ ಗುರುತಿಸಲು ಆದರೆ 70% ಆಲ್ಕೋಹಾಲ್ ಸಾಕು. ವೈರಸ್ ಪರೀಕ್ಷೆಗೆ ಬೇಕಿದ್ದರೆ ಲ್ಯಾಬಿನವರು ಹೇಳಿದಂತೆ ಜೀವಂತವಾಗಿಯೋ ಡ್ರೈ ಐಸಿನಲ್ಲೋ ಕಳಿಸಬೇಕಾಗುತ್ತದೆ. ಅದನ್ನು ವಿದ್ಯಾರ್ಥಿಗಳೇ ಕೈಗೆತ್ತಿಕೊಳ್ಳಬಾರದು, ತರಬೇತಿ ಇರುವವರು ಜೊತೆಗಿರಬೇಕು. ಉಣ್ಣಿಯನ್ನು ಉಗುರಿನಿಂದ ಕುಕ್ಕುವುದು, ಹಿಸುಕುವುದು, ಕಾಲೇಜು ಲ್ಯಾಬಿನಲ್ಲಿ ಸುಮ್ನೆ ಸೀಳಿ ನೋಡುವುದು ಯಾವುದೂ ಬೇಡ. ಈ ವೈರಸ್ಸನ್ನು ಹೆಚ್ಚಿನ ಸುರಕ್ಷತೆಯ ಪ್ರಯೋಗಾಲಯಗಳಲ್ಲಿ ಮಾತ್ರ ಬೆಳೆಸುತ್ತಾರೆ. ಅಲ್ಲಿ ಕೆಲಸ ಮಾಡುವವರಿಗೇ ಹಿಂದೆ ಸೋಂಕು ತಗಲಿದ್ದುಂಟು.

ಈಗ ಪೆನ್ಸಿಲ್. ಬಾಟಲಿಯ ಮೇಲೆ ಮಾರ್ಕರಿನಿಂದ ಬರೆದರೆ ಒಂದು ಹನಿ ಆಲ್ಕೋಹಾಲ್ ಸೋರಿದರೂ ಅಕ್ಷರ ಅಳಿಸಿಹೋಗುತ್ತದೆ. ಪೆನ್ನಿನ ಶಾಯಿಯೂ ಅಷ್ಟೇ. ದಪ್ಪ ಕಾಗದದ ಸಣ್ಣ ಚೀಟಿಯಲ್ಲಿ ಪೆನ್ಸಿಲಿನಿಂದ ಊರು, ಸಾಲಿನ ನಂಬರ್, ತಾರೀಕು ಬರೆದು ಬಾಟಲಿಯ ಒಳಗೇ ಹಾಕಿ. ಯಾವ ಸಾಲಿನದು ಅಂತ ಗೊತ್ತಿಲ್ಲದ ಉಣ್ಣಿಯಿಂದ ಯಾರಿಗೂ ಉಪಯೋಗ ಇಲ್ಲ.

ಹಾಳೆಯಲ್ಲಿ ಪ್ರತಿ ಸಾಲಿಗೂ ಶುರುವಾದ ಹೊತ್ತು, ಮುಗಿದ ಹೊತ್ತು, ತಾಪಮಾನ, ತೇವಾಂಶ, ತರಗೆಲೆಯ ದಪ್ಪ, ಮರದ ನೆರಳು ಎಷ್ಟು, ದನದ ಸೆಗಣಿ ಕಂಡಿತೇ, ಎಳೆದವರು ಯಾರು, ಹಂತವಾರು ಎಷ್ಟು ಉಣ್ಣಿ. ಎಳೆದವರ ಹೆಸರು ಯಾಕೆ ಅಂದರೆ ಒಬ್ಬರ ಕಣ್ಣು ಚುರುಕು, ಒಬ್ಬರದು ಅಲ್ಲ. ಜನವರಿಯಲ್ಲಿ ಉಣ್ಣಿ ಜಾಸ್ತಿಯಾದವೋ, ಹುಡುಕುವವರು ಬದಲಾದರೋ ಅಂತ ಆಮೇಲೆ ನೋಡಬೇಕಾಗುತ್ತದೆ.

ಏನೂ ಸಿಗದಿದ್ದರೆ 0 ಅಂತ ಬರೆಯಿರಿ. ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ಅಲ್ಲಿಗೆ ಹೋಗೇ ಇರಲಿಲ್ಲವೋ, ಹೋದರೂ ಸಿಗಲಿಲ್ಲವೋ ಯಾರಿಗೆ ಗೊತ್ತಾಗುತ್ತದೆ? ಉಣ್ಣಿ ಸಿಗಲಿಲ್ಲ ಅಂತ ಸಾಲನ್ನೇ ಪಕ್ಕದ ಚೆನ್ನಾಗಿ ಸಿಗುವ ಜಾಗಕ್ಕೆ ಸರಿಸುವ ಚಪಲ ಎಲ್ಲ ತಂಡಕ್ಕೂ ಬರುತ್ತದೆ. ಸರಿಸಿದರೆ ಇಡೀ ಸೀಸನ್ ಕೆಟ್ಟಿತು. ಐದು ಸಾಲಿನಲ್ಲಿ ಮೂರು ಸೊನ್ನೆ ಇರುವ ಹಾಳೆಯನ್ನು ನಾನು ನಂಬುತ್ತೇನೆ. ಎಲ್ಲ ಸಾಲಿನಲ್ಲೂ ಹತ್ತು, ಹದಿನೈದು ಅಂತ ಗುಂಡಾಗಿ ತುಂಬಿರುವುದನ್ನು ನೋಡಿದರೆ ಸಂಶಯ ಬರುತ್ತದೆ.

ಮಂಗ ಸತ್ತಿದ್ದು ಕಂಡರೆ

ಅಲ್ಲಿಗೆ ಅವತ್ತಿನ ಕೆಲಸ ನಿಲ್ಲಿಸಿ. ಹತ್ತಿರ ಹೋಗಬೇಡಿ, ಫೋಟೋಗೂ ಬೇಡ. ಮಂಗ ಸತ್ತ ಮೇಲೆ ಅದರ ಮೈಮೇಲಿದ್ದ ಉಣ್ಣಿಗಳು ಇಳಿದು ಸುತ್ತ ಹರಡುತ್ತವೆ, ಅಂಥ ಜಾಗದಲ್ಲಿ ಸೋಂಕಿನ ಉಣ್ಣಿ ದಟ್ಟವಾಗಿರುತ್ತದೆ. ಇಲಾಖೆಯವರು ಶವದ ಸುತ್ತ ಮೆಲಾಥಿಯಾನ್ ಅನ್ನುವ ಕೀಟನಾಶಕದ ಪುಡಿ ಹಾಕುವ ರೂಢಿ ಇರುವುದು ಇದಕ್ಕೇ. ದೂರದಿಂದಲೇ ಜಿಪಿಎಸ್ ಗುರುತು ತೆಗೆದುಕೊಂಡು ಅರಣ್ಯ ಇಲಾಖೆಗೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ.

ಇಲ್ಲೊಂದು ಸೂಕ್ಷ್ಮ ಇದೆ. ನಮ್ಮ ಕಡೆ ಮಂಗ ಸತ್ತರೆ ಹನುಮಪ್ಪನೇ ಹೋದಂತೆ. ಹೂವಿನ ಹಾರ ಹಾಕಿ, ಅರಿಶಿನ ಕುಂಕುಮ ಹಚ್ಚಿ, ಭಜನೆ ಮಾಡುತ್ತ ಹೊತ್ತುಕೊಂಡು ಹೋಗಿ ಮಣ್ಣು ಮಾಡುತ್ತಾರೆ. ಊರಿನವರ ಭಕ್ತಿಗೆ ಅಡ್ಡ ನಿಂತು ಭಾಷಣ ಮಾಡಿದರೆ ನಾಳೆಯಿಂದ ನಿಮ್ಮನ್ನು ಊರೊಳಗೆ ಬಿಡುವುದಿಲ್ಲ. "ಅಜ್ಜಾರ, ಪೂಜೆ ಮಾಡ್ರಿ, ಆದ್ರ ದವಾಖಾನಿಯವರು ಬರೂತನಕಾ ಯಾರೂ ಮುಟ್ಟಬ್ಯಾಡ್ರಿ" ಅಂತ ಊರಿನ ಹಿರಿಯರಿಗೆ ಹೇಳಿ. ಆಶಾ ಕಾರ್ಯಕರ್ತೆ ಹೇಳಿದರೆ ಇನ್ನೂ ಒಳ್ಳೆಯದು, ಅವರ ಮಾತಿಗೆ ಬೆಲೆ ಇದೆ.

ವಾಪಸ್ ಬಂದ ಮೇಲೆ

ತರಗೆಲೆ ಮೇಲೆ ಕೂತು ರೊಟ್ಟಿ ಬುತ್ತಿ ಬಿಚ್ಚಬೇಡಿ. ರಸ್ತೆಗೆ ಬಂದು, ಒಬ್ಬರ ಬೆನ್ನು ಇನ್ನೊಬ್ಬರು ನೋಡಿ, ಬಟ್ಟೆ ಮೇಲಿನದನ್ನೆಲ್ಲ ಟೇಪಿನಿಂದ ತೆಗೆದ ಮೇಲೆ ಊಟ. ಮನೆ ಅಥವಾ ಹಾಸ್ಟೆಲ್ ಸೇರಿದ ಕೂಡಲೇ ಫೀಲ್ಡ್ ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಹಾಸಿಗೆ ಮೇಲೆ ಎಸೆಯಬೇಡಿ. ತಣ್ಣೀರಿನಲ್ಲಿ ನೆನೆಹಾಕಿದರೆ ಉಣ್ಣಿ ಸಾಯುವುದಿಲ್ಲ, ಕುದಿಯುವಷ್ಟು ಬಿಸಿ ನೀರು ಬೇಕು.

ಬಿಸಿ ನೀರಿನ ಸ್ನಾನ, ಆಮೇಲೆ ಕನ್ನಡಿ. ಕಂಕುಳು, ತೊಡೆ ಸಂದಿ, ಮೊಣಕಾಲಿನ ಹಿಂದೆ, ಹೊಕ್ಕಳು, ಸೊಂಟದ ಪಟ್ಟಿ ಬಿಗಿದ ಜಾಗ, ಕಿವಿಯ ಹಿಂದೆ, ಕೂದಲಿನ ಬುಡ. ಹೊಸ ಮಚ್ಚೆ ಅನ್ನಿಸಿದ್ದನ್ನೆಲ್ಲ ಮುಟ್ಟಿ ನೋಡಿ. ಉಣ್ಣಿ ಕಚ್ಚಿಕೊಂಡಿದ್ದರೆ ಫೋರ್ಸೆಪ್ಸಿನಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನಿಧಾನವಾಗಿ ನೇರ ಮೇಲಕ್ಕೆ ಎಳೆಯಿರಿ. ತಿರುಚಬೇಡಿ. ಸೀಮೆಎಣ್ಣೆ, ಸುಣ್ಣ, ಬೀಡಿ ತುದಿ, ಇವೆಲ್ಲ ದನದ ಕೊಟ್ಟಿಗೆಯ ವೈದ್ಯ. ಕಾಟ ಕೊಟ್ಟಷ್ಟೂ ಉಣ್ಣಿ ಹೊಟ್ಟೆಯಲ್ಲಿದ್ದದ್ದನ್ನು ನಿಮ್ಮೊಳಗೆ ಬಿಡುವ ಅಪಾಯವಿದೆ. ತೆಗೆದ ಮೇಲೆ ಸೋಪು ಹಚ್ಚಿ ತೊಳೆದು, ಉಣ್ಣಿಯನ್ನು ಆಲ್ಕೋಹಾಲಿಗೆ ಹಾಕಿ, ತಾರೀಕು ಬರೆದಿಡಿ.

ಆ ತಾರೀಕು ಬೇಕಾಗುತ್ತದೆ. ಮಂಗನ ಕಾಯಿಲೆ ಸಾಮಾನ್ಯವಾಗಿ ಕಚ್ಚಿದ 3ರಿಂದ 8 ದಿನದಲ್ಲಿ ಶುರುವಾಗುತ್ತದೆ. ಏಕಾಏಕಿ ಚಳಿಜ್ವರ, ಹಣೆ ಸಿಡಿಯುವಂಥ ತಲೆನೋವು, ಮೈಕೈ ಮುರಿಯುವ ನೋವು, ವಾಂತಿ. ಕೆಲವರಿಗೆ ಮೂಗು, ಒಸಡಿನಿಂದ ರಕ್ತ. ಒಮ್ಮೆ ಜ್ವರ ಬಿಟ್ಟು ವಾರ, ಎರಡು ವಾರದ ಮೇಲೆ ಮತ್ತೆ ಬರುವುದೂ ಉಂಟು. ಕಾಯಿಲೆ ಬಂದವರಲ್ಲಿ 3ರಿಂದ 5% ಜನ ಸಾಯುತ್ತಾರೆ. ಇದಕ್ಕೇ ಅಂತ ಔಷಧಿ ಇಲ್ಲ, ಹೊತ್ತಿಗೆ ಸರಿಯಾಗಿ ಆಸ್ಪತ್ರೆಯಲ್ಲಿ ನೋಡಿಕೊಂಡರೆ ಹೆಚ್ಚಿನವರು ಏಳುತ್ತಾರೆ. ಹಳೆಯ ಲಸಿಕೆಯ ಬಳಕೆ ನಿಂತಿದೆ, ಅದನ್ನು ನಂಬಿಕೊಂಡು ಹೋಗುವಂತಿಲ್ಲ. ಜ್ವರ ಬಂದರೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ, ಕೆಲವು ಮಾತ್ರೆ ರಕ್ತಸ್ರಾವ ಜಾಸ್ತಿ ಮಾಡುತ್ತವೆ. ಡಾಕ್ಟರಿಗೆ ಮೊದಲ ಮಾತಿನಲ್ಲೇ "ಕಾಡಿಗೆ ಹೋಗಿದ್ದೆ, ಉಣ್ಣಿ ಕೆಲಸ" ಅಂತ ಹೇಳಿ. ಹೇಳದಿದ್ದರೆ ಬೆಳಗಾವಿಯಲ್ಲಿ ಯಾರಿಗೂ ಇದು ನೆನಪಾಗುವುದಿಲ್ಲ, ಡೆಂಗ್ಯೂ, ಟೈಫಾಯ್ಡ್ ಅಂತ ದಿನ ಕಳೆಯುತ್ತದೆ. ಮನೆಯವರು ಹೆದರುವುದು ಬೇಡ, ಇದು ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆ ಅಲ್ಲ.

ವಿಜಯಪುರ, ಬಾಗಲಕೋಟೆಯವರಿಗೆ

ಬಯಲುಸೀಮೆಯಲ್ಲಿ ಇಂಥ ಕಾಡಿಲ್ಲ, ಹಾಗಂತ ಕೆಲಸ ಇಲ್ಲ ಅಂದುಕೊಳ್ಳಬೇಡಿ. ನಿಮ್ಮ ಉಣ್ಣಿ ದನದ ಮೈಮೇಲೆ ಇದೆ. ರಿಪಿಸೆಫಾಲಸ್ ಮೈಕ್ರೋಪ್ಲಸ್, ಹಯಲೋಮಾ ಜಾತಿಯವು, ನಾಯಿ ಮೇಲೆ ಕಂದು ಉಣ್ಣಿ. ಥೈಲೇರಿಯಾ, ಬಬೇಸಿಯಾದಂಥ ದನದ ಜ್ವರ ಹರಡುವುದು ಇವುಗಳಿಂದಲೇ. ಬಟ್ಟೆ ಎಳೆಯುವ ಬದಲು ಕಿವಿ, ಗಂಗೆದೊಗಲು, ಕೆಚ್ಚಲು, ಬಾಲದ ಬುಡ ಅಂತ ಮೈಯ ಗೊತ್ತಾದ ಭಾಗಗಳಲ್ಲಿ, ಒಂದೇ ಬದಿಯಲ್ಲಿ ಎಣಿಸಿ. ಪಶುವೈದ್ಯರ ಜೊತೆಗೆ, ರೈತರ ಒಪ್ಪಿಗೆ ಪಡೆದು ಮಾಡಿ. ಕೊನೆಯ ಸಲ ಉಣ್ಣಿ ಔಷಧಿ ಹೊಡೆದದ್ದು ಯಾವಾಗ ಅಂತ ಕೇಳದೆ ಎಣಿಸಿದರೆ ಆ ಸಂಖ್ಯೆಗೆ ಅರ್ಥವಿಲ್ಲ.

ಲೆಕ್ಕ ಯಾರ ಕೈಗೆ?

ಪ್ರಾಜೆಕ್ಟ್ ವರದಿ ಬೈಂಡ್ ಆಗಿ ಕಪಾಟು ಸೇರುವುದು ಹೇಗೂ ಮೇ ಕಳೆದ ಮೇಲೆ. ಅಷ್ಟರಲ್ಲಿ ಆ ವರ್ಷದ ಕಾಯಿಲೆಯ ಕಾಲ ಮುಗಿದಿರುತ್ತದೆ. ಹಾಗಾಗಿ ಪ್ರತಿ ತಿಂಗಳ ಹಾಳೆಯ ಒಂದು ಪ್ರತಿಯನ್ನು ಅದೇ ವಾರ ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ತಾಲೂಕು ಆರೋಗ್ಯ ಅಧಿಕಾರಿಗೆ ಕೊಡಿ. ಅರ್ಧ ಪುಟ ಸಾಕು: ಯಾವ ಸಾಲು, 100 ಚದರ ಮೀಟರಿಗೆ ಎಷ್ಟು ನಿಂಫ್, ಹೋದ ತಿಂಗಳು ಎಷ್ಟಿತ್ತು. ನಿಂಫ್ ಏರಿದ ಸಾಲು ಕಟ್ಟಿಗೆ ತರುವ ದಾರಿಯಾಗಿದ್ದರೆ ಆ ದಾರಿಯ ಹೆಸರನ್ನು ಊರಿನವರು ಕರೆಯುವಂತೆಯೇ ಬರೆಯಿರಿ. ಜಿಪಿಎಸ್ ನಂಬರ್ ನೋಡಿ ಆಶಾ ಕಾರ್ಯಕರ್ತೆ ಯಾರ ಮನೆಗೆ ಹೋಗಿ ಎಣ್ಣೆ ಹಂಚಬೇಕು ಅಂತ ತಿಳಿಯುವುದಿಲ್ಲ. "ದೇವರಕಾಡಿನ ಹಿಂದಿನ ಗೇರು ತೋಟದ ದಾರಿ" ಅಂದರೆ ತಿಳಿಯುತ್ತದೆ.